ಜೀಪಿನ ಹಿಂದಿನ ಕೊಂಡಿ

ಬಂಪರು ಕಿತ್ತುಬಂದ ಸದ್ದು ನನಗೆ ಈಗಲೂ ಕೇಳಿಸುತ್ತದೆ ಎಂದು ಬರೆಯಲು ಹೊರಟಿದ್ದೆ. ಆದರೆ ಆ ವಾರದ ನನ್ನ ದಿನಚರಿಯಲ್ಲಿ ಸದ್ದಿನ ಮಾತೇ ಇಲ್ಲ. ‘ಎತ್ತು ಮಂಡಿಯೂರಿತು’ ಎಂದಷ್ಟೇ ಇದೆ. ಸದ್ದನ್ನು ನಾನು ಆಮೇಲೆ ಸೇರಿಸಿಕೊಂಡೆನೋ, ಅಂದು ಅದು ಬರೆಯುವಷ್ಟು ಮುಖ್ಯ ಅನ್ನಿಸಲಿಲ್ಲವೋ ತಿಳಿಯದು. ಸದ್ದನ್ನು ಬಿಟ್ಟು, ನನಗೆ ಖಾತ್ರಿ ಇರುವುದನ್ನು ಮಾತ್ರ ಹೇಳುತ್ತೇನೆ.

ಯುದ್ಧ ಮುಗಿದ ಮರುವರ್ಷದ ಮಳೆಗಾಲ. ಹೆಗ್ಗಡದೇವನಕೋಟೆಯಲ್ಲಿ ಮಲೇರಿಯಾ ತಡೆಯುವ ಸಣ್ಣ ತಂಡವೊಂದಿತ್ತು. ತಂಡವೆಂದರೆ ಒಬ್ಬ ಡಾಕ್ಟರು, ಒಬ್ಬ ಡ್ರೈವರು, ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಔಷಧಿ ಮತ್ತು ವಾಹನದ ಹೊಣೆ ಹೊತ್ತಿದ್ದ ನಾನು. ಸೈನ್ಯದವರು ಬೇಡವೆಂದು ಹರಾಜು ಹಾಕಿದ ಜೀಪೊಂದು ನಮ್ಮ ಪಾಲಿಗೆ ಬಂದಿತ್ತು. ಡ್ರೈವರು ಭೇರ್ಯದವನು. ಕೃಷ್ಣರಾಜನಗರ ಎಂಬ ಹೆಸರು ಬಂದು ವರ್ಷಗಳಾಗಿದ್ದರೂ ‘ನಮ್ದು ಎಡತೊರೆ ಕಡೆ’ ಎಂದೇ ಹೇಳುತ್ತಿದ್ದ. ಬರ್ಮಾ ಗಡಿಯಲ್ಲಿ ಇಂಥದೇ ಜೀಪು ಓಡಿಸಿದ್ದವನು. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುತ್ತದೆ, ಇದು ಎಲ್ಲೂ ನಿಲ್ಲುವುದಿಲ್ಲ ಎಂದು ನಾನು ಡಾಕ್ಟರಿಗೆ ವಿವರಿಸುತ್ತಿದ್ದಾಗ ಅವನು ನಕ್ಕಿದ್ದ.

“ನಾಕ್ ಚಕ್ರಾನೂ ತಿರುಗ್ತವೆ ಸಾ. ಎರೆಮಣ್ಣಲ್ಲಿ ನಾಕೂ ಒಟ್ಗೇ ಊತ್ಕತವೆ.”

ಕಪಿಲೆಗೆ ಸೇರುವ ಹಳ್ಳವೊಂದರ ಆಚೆಗಿನ ಊರು ನಮ್ಮ ಕೆಲಸದಲ್ಲೇ ಕಷ್ಟದ್ದು. ಮಳೆ ಹಿಡಿಯಿತೆಂದರೆ ಅಲ್ಲಿ ಮನೆಮನೆಯಲ್ಲೂ ಚಳಿಜ್ವರ. ಮಕ್ಕಳ ಹೊಟ್ಟೆಯ ಎಡಬದಿ ಮುಟ್ಟಿದರೆ ಊದಿದ ಗುಲ್ಮ ಕೈಗೆ ಸಿಗುತ್ತಿತ್ತು. ವಾರಕ್ಕೊಮ್ಮೆ ಹೋಗಿ ಕ್ವಿನೈನ್ ಗುಳಿಗೆಯನ್ನು ನಮ್ಮ ಕಣ್ಣೆದುರೇ ನುಂಗಿಸಬೇಕು, ನಡುವೆ ಬಿಟ್ಟರೆ ಜ್ವರ ಮರಳುತ್ತದೆ ಎಂಬುದು ಡಾಕ್ಟರ ಕಟ್ಟಳೆ. ಸೋಮವಾರ ಹೋಗೋಣ ಎಂದವನು ನಾನು. ಸೋಮವಾರ ಬಸವನ ದಿನ. ಆ ಕಡೆ ಅಂದು ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಉಳುಮೆ ಇಲ್ಲದ್ದರಿಂದ ಗಂಡಸರೂ ಮನೆಯಲ್ಲೇ ಸಿಗುತ್ತಾರೆ. ಈ ಲೆಕ್ಕಾಚಾರದ ಬಗ್ಗೆ ನನಗೆ ಸಣ್ಣ ಹೆಮ್ಮೆಯೂ ಇತ್ತು. ಎತ್ತು ಕಟ್ಟದ ದಿನ ಜೀಪು ಹೂತರೆ ಎಳೆಯುವವರು ಯಾರು ಎಂದು ನಾನು ಯೋಚಿಸಲಿಲ್ಲ. ಡಾಕ್ಟರೂ ಕೇಳಲಿಲ್ಲ. ಒಕ್ಕಲು ಮನೆಯಲ್ಲೇ ಹುಟ್ಟಿದ ಡ್ರೈವರಿಗೂ ಹೊಳೆಯಲಿಲ್ಲ.

ಆರಿದ್ರಾ ಮಳೆಯ ಒಂದು ಸೋಮವಾರ ಗುಳಿಗೆ ಕೊಟ್ಟು ಹಿಂದಿರುಗುವಾಗ, ಊರ ಬದಿಯ ದಡದಲ್ಲಿ ಹಳ್ಳಕ್ಕೆ ಇಳಿಯುವ ಇಳಿಜಾರಿನಲ್ಲಿ ಜೀಪಿನ ಮೂತಿ ಕೆಸರಿಗೆ ಹೋಯಿತು. ಹಿಂದಕ್ಕೆ ತಿರುಗಿಸಿದಷ್ಟೂ ಚಕ್ರಗಳು ತಮ್ಮ ಗುಂಡಿಯನ್ನು ತಾವೇ ತೋಡಿಕೊಂಡವು. ಮೇಲೆಲ್ಲೋ ಮಳೆಯಾಗಿ ಹಳ್ಳದ ನೀರು ಕೆಂಪಾಗುತ್ತಿತ್ತು. ಹಿಂದಿನಿಂದ, ಊರ ಕಡೆಗೆ ಎಳೆಯದೆ ಬೇರೆ ದಾರಿಯಿರಲಿಲ್ಲ.

ಊರ ಯಜಮಾನ ಗೌಡರು ಬಂದು ನೋಡಿದರು. ಐವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಅವರು ಮೊದಲು ನುಂಗಿ ತೋರಿಸುತ್ತಿದ್ದರಿಂದಲೇ ಊರು ನಮ್ಮ ಕಹಿ ಗುಳಿಗೆ ನುಂಗುತ್ತಿತ್ತು.

“ಇವತ್ತು ಸೋಮವಾರ ಕಣ್ರೀ” ಎಂದರು. ಆಮೇಲೆ ನೀರನ್ನು ನೋಡಿದರು. ಹೋಗಿ ತಮ್ಮ ಜೋಡೆತ್ತನ್ನೇ ಹೊಡೆದುಕೊಂಡು ಬಂದರು.

“ಬ್ಯಾಡಿ ಗೌಡ್ರೇ, ಬಸವನ ದಿನ” ಎಂದು ಯಾರೋ ತಡೆದರು.

“ನಮ್ ಮಕ್ಳಿಗೆ ಅಂತ ಬಂದವ್ರೆ ಕಣ್ಲಾ. ಒಂದ್ ದಪ ಬಸವಣ್ಣ ಕಣ್ ಮುಚ್ಕತಾನೆ ಬುಡು.”

ಜೀಪಿನ ಹಿಂದೆ, ಎಡಕ್ಕೊಂದು ಬಲಕ್ಕೊಂದು, ಮೊಳ ಉದ್ದದ ಬಂಪರಿನ ತುಂಡುಗಳಿದ್ದವು. ನಡುವೆ ಸೈನ್ಯದವರ ಎಳೆಯುವ ಕೊಕ್ಕೆ ಇದ್ದ ಜಾಗದಲ್ಲಿ ನಾಲ್ಕು ತೂತು ಮಾತ್ರ. ಕೊಕ್ಕೆಯನ್ನು ಹರಾಜಿಗೆ ಮುಂಚೆಯೇ ಯಾರೋ ಬಿಚ್ಚಿಕೊಂಡಿದ್ದರು. ಸರಪಣಿಯನ್ನು ಎಡಗಡೆಯ ಬಂಪರಿಗೆ ಸುತ್ತಿದೆವು. ಗೌಡರು ‘ಹಾ’ ಎಂದರು. ಎತ್ತುಗಳು ಬೆನ್ನು ಬಾಗಿಸಿ ಒಮ್ಮೆಲೇ ಜಗ್ಗಿದವು. ಬಂಪರು ಬುಡಸಮೇತ ಕಿತ್ತುಬಂತು. ಎಳೆಯುತ್ತಿದ್ದ ಭಾರ ಇದ್ದಕ್ಕಿದ್ದಂತೆ ಮಾಯವಾಗಿ ಬಲಗಡೆಯ ಎತ್ತು ಮುಗ್ಗರಿಸಿ ಕಲ್ಲಿನ ಮೇಲೆ ಮಂಡಿಯೂರಿತು.

ಆ ಎತ್ತು ಸಾಯಲಿಲ್ಲ. ಆದರೆ ಅದರ ಮುಂಗಾಲಿನ ಕೀಲು ಊದಿ, ಆ ವರ್ಷದ ಉಳುಮೆಗೆ ಅದು ಬರಲಿಲ್ಲ. ಜೀಪನ್ನು ಮಂಗಳವಾರ ನೀರಿಳಿದ ಮೇಲೆ ಮಣ್ಣು ತೋಡಿ, ಕಲ್ಲು ಹಾಸಿ ಹೊರತೆಗೆದೆವು.

ಮುಂದಿನ ಸೋಮವಾರ ಹಳ್ಳದ ಈಚೆಗೇ ಜೀಪು ನಿಲ್ಲಿಸಿ ನಡೆದುಹೋದೆವು. ಗೌಡರು ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟರು. ಗುಳಿಗೆಗೆ ಕೈ ಚಾಚಲಿಲ್ಲ.

“ನಿಮ್ ಮ್ಯಾಲೆ ಸಿಟ್ಟಿಲ್ಲ ಸ್ವಾಮಿ. ಸೋಮವಾರ ನೊಗ ಇಟ್ಟೋನು ನಾನು. ಈ ಗುಳಿಗೆಯವ್ರಿಗೋಸ್ಕರ ತಪ್ದೆ. ಅದು ನನ್ ಗಂಟ್ಲಲ್ಲಿ ಇಳಿಯಕಿಲ್ಲ. ಬ್ಯಾರೆಯೋರು ತಗಂಡ್ರೆ ತಗಳ್ಳಿ, ನಾನು ಬ್ಯಾಡ ಅನ್ನಕಿಲ್ಲ.”

ಅವರು ಬೇಡವೆನ್ನಲಿಲ್ಲ ನಿಜ. ಆದರೆ ಯಜಮಾನ ನುಂಗದ ಗುಳಿಗೆಯನ್ನು ಊರು ನುಂಗಲಿಲ್ಲ. ಒಂದು ಮನೆಯಲ್ಲಿ ಕಂಬಳಿ ಹೊದ್ದು ನಡುಗುತ್ತಿದ್ದ ಹೆಂಗಸೂ ಗೋಡೆಯ ಕಡೆಗೆ ಮುಖ ತಿರುಗಿಸಿದಳು. ತುಂಬಿದ ಡಬ್ಬಿಯನ್ನು ಹಾಗೇ ಹೊತ್ತು ವಾಪಸಾದೆವು. ದಾರಿಯಲ್ಲಿ ಡಾಕ್ಟರು ಹೇಳಿದರು: “ಇನ್ನೊಂದು ತಿಂಗಳು ಹೀಗೇ ಆದರೆ ಈ ಊರಲ್ಲಿ ನಾವು ಮಾಡಿದ್ದೆಲ್ಲ ನೀರಿಗೆ ಹೋದ ಹಾಗೆ. ಮೊದಲು ಆ ಗಾಡಿಗೆ ಹಿಡಿದು ಎಳೆಯೋ ಹಾಗೆ ಒಂದು ಜಾಗ ಮಾಡಿಸಿ. ಮಿಕ್ಕದ್ದು ಆಮೇಲೆ ನೋಡೋಣ.”

ಮುರಿದದ್ದು ತೆಳು ಕಬ್ಬಿಣ, ಸೋಮವಾರವಲ್ಲ ಎಂದು ಗೌಡರಿಗೆ ತೋರಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಾನು ನಂಬಿದ್ದೆ. ಊರಿಗೆ ಗುಳಿಗೆ ಮುಟ್ಟಿಸುವುದು ನನಗೆ ಬೇಕಿತ್ತೋ, ವಾದ ಗೆಲ್ಲುವುದು ಬೇಕಿತ್ತೋ, ಇಷ್ಟು ದೂರದಿಂದ ಬೇರ್ಪಡಿಸಿ ಹೇಳಲಾರೆ. ಎರಡೂ ಇದ್ದಿರಬೇಕು.

ಹುಣಸೂರಿನಲ್ಲಿ, ಮರ ಸಾಗಿಸುವ ಲಾರಿಗಳ ಕೆಲಸ ಮಾಡುತ್ತಿದ್ದ ಕುಲುಮೆಯೊಂದಿತ್ತು. ಆಚಾರಿ ಜೀಪಿನ ಹಿಂದೆ ಅಂಗಾತ ಮಲಗಿ ನೋಡಿದ, ನಾನೂ ಪಕ್ಕದಲ್ಲಿ ಮಲಗಿದೆ. ಜೀಪಿನ ಮೈಯೆಲ್ಲ ಕೂತಿರುವುದು ಉದ್ದಕ್ಕೆ ಹೋಗುವ ಎರಡು ಕಬ್ಬಿಣದ ತೊಲೆಗಳ ಮೇಲೆ. ಹಿಂದುಗಡೆ ಆ ಎರಡನ್ನೂ ಕೂಡಿಸಲು ಅಡ್ಡಪಟ್ಟಿಯೊಂದಿದೆ. ಕೊಕ್ಕೆಯ ನಾಲ್ಕು ತೂತು ಇದ್ದದ್ದು ಈ ಅಡ್ಡಪಟ್ಟಿಯಲ್ಲಿ. ಅದೇ ತೂತುಗಳಿಗೆ ಗಟ್ಟಿಯಾದ ಕೊಂಡಿ ಕೂರಿಸಿದರೆ ಆಯಿತು ಎಂದು ಇಬ್ಬರೂ ಒಪ್ಪಿದೆವು. ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿ ಕುಲುಮೆಯಲ್ಲೇ ಬಿದ್ದಿತ್ತು. ಅದಕ್ಕಿಂತ ಬಲವಾದ ಉಕ್ಕು ಎಲ್ಲಿ ಸಿಗಬೇಕು? ಆಚಾರಿ ಕಾಯಿಸಿ ಬಡಿದು ಲಾಳದಂತೆ ಬಗ್ಗಿಸಿದ. ಕೊನೆಗೆ ಕೆಂಪಗೆ ಕಾಸಿ, ನೇಗಿಲ ಕುಳಕ್ಕೆ ಮಾಡುವ ಹಾಗೆ, ನೀರಿನ ದೋಣಿಯಲ್ಲಿ ಅದ್ದಿದ. ಚೊಂಯ್ ಎಂದು ಹಬೆ ಎದ್ದಿತು. ಅವನು ಅರ ಹಾಕಿ ಉಜ್ಜಿ ತೋರಿಸಿದ. ಅರ ಜಾರಿತೇ ಹೊರತು ಗೀರು ಬೀಳಲಿಲ್ಲ.

“ನೋಡಿ ಸ್ವಾಮಿ. ಇನ್ನ ಆನೆ ಕಟ್ಟಿ ಎಳೀರಿ.”

ನನಗೂ ಸಂತೋಷವಾಯಿತು.

ಎತ್ತಿನ ಮೇಲೆ ಪ್ರಯೋಗ ಬೇಡ, ಇಲ್ಲೇ ನೋಡೋಣ ಎಂದೆ. ಕುಲುಮೆಯ ಎದುರಿನ ಹುಣಸೆ ಮರಕ್ಕೆ ಸರಪಣಿ ಕಟ್ಟಿ ಇನ್ನೊಂದು ತುದಿಯನ್ನು ಕೊಂಡಿಗೆ ಹಾಕಿದೆವು. ಡ್ರೈವರು ಸಣ್ಣ ಗೇರಿನಲ್ಲಿ ಮೆಲ್ಲಗೆ ಮುಂದಕ್ಕೆ ಎಳೆದ. ಸರಪಣಿ ಬಿಗಿಯಿತು, ಚಕ್ರಗಳು ನೆಲ ಕೆರೆದವು, ಕೊಂಡಿ ಅಲುಗಲಿಲ್ಲ. ಆಚಾರಿ ಎಲೆಯಡಿಕೆ ಬಾಯಿಗೆ ಹಾಕಿಕೊಂಡ.

ಡ್ರೈವರು ಕೆಳಗಿಳಿದು ಬಂದ. “ಎತ್ತುಗಳು ಇಂಗ್ ಎಳಿಯಕಿಲ್ಲ ಸಾ. ಆವತ್ತು ನೋಡುದ್ರಲ್ಲ, ಒಂದೇ ಕಿತ ಜಗ್ತವೆ.”

ಹಾಗಾದರೆ ಸರಪಣಿಯನ್ನು ಒಂದು ಮೊಳ ಸಡಿಲಬಿಟ್ಟು ಹೊರಡು ಎಂದೆ. ಅವನು ಹೊರಟ. ಕೊಂಡಿ ಎರಡು ತುಂಡಾಯಿತು. ಒಂದು ಚೂರು ನನಗೂ ಆಚಾರಿಗೂ ನಡುವೆ ಹಾದು ಕುಲುಮೆಯ ಮಣ್ಣಿನ ಗೋಡೆಯಲ್ಲಿ ಹೂತಿತು. ಹೋಗಿ ನೋಡಿದರೆ ಮುರಿದ ಮೈ ಕಲ್ಲುಸಕ್ಕರೆಯಂತೆ ಹರಳುಹರಳಾಗಿ ಹೊಳೆಯುತ್ತಿತ್ತು. ಜೀಪಿನ ಅಡ್ಡಪಟ್ಟಿಯೂ ಹಿಂದಕ್ಕೆ ಉಬ್ಬಿ, ಒಂದು ತೂತಿನ ಅಂಚಿನಿಂದ ಕೂದಲೆಳೆಯಷ್ಟು ಬಿರುಕು ಹೊರಟಿತ್ತು.

ಅಂದು ಸಂಜೆ ನಾನು ಕುಲುಮೆಯ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದೆ. ಮೈಯೆಲ್ಲ ನೋವು, ಕಣ್ಣಲ್ಲಿ ಇದ್ದಿಲ ಹೊಗೆ. ಆ ಚೂರಿನ ಎದುರು ಎತ್ತು ಇದ್ದಿದ್ದರೆ, ಗೌಡರು ಇದ್ದಿದ್ದರೆ ಎಂಬ ಯೋಚನೆ ಬಿಟ್ಟುಹೋಗಲೊಲ್ಲದು. ಎಲ್ಲ ಕೈಬಿಟ್ಟು ಮಳೆಗಾಲ ಮುಗಿಯುವವರೆಗೆ ನಡೆದೇ ಹೋಗೋಣ ಎಂದು ಡಾಕ್ಟರಿಗೆ ಹೇಳುವುದೆಂದು ತೀರ್ಮಾನಿಸಿದ್ದೆ. ಆ ತೀರ್ಮಾನ ಯಾವಾಗ ಬದಲಾಯಿತೋ ನೆನಪಿಲ್ಲ. ಬೆಳಿಗ್ಗೆ ನಾನು ಆಚಾರಿಗೆ ಹೇಳಿದ್ದು ಮಾತ್ರ ಬರೆದುಕೊಂಡಿದ್ದೇನೆ: ಹೊಸ ಕೊಂಡಿ ಮೆತ್ತನೆ ಕಬ್ಬಿಣದ್ದಾಗಬೇಕು, ಅದಕ್ಕೆ ನೀರು ತೋರಿಸಕೂಡದು. ಭಾರ ಮೀರಿದರೆ ಅದು ಮೊದಲು ಬಾಗಬೇಕು. ಬಾಗುವುದು ಕಣ್ಣಿಗೆ ಕಾಣುತ್ತದೆ, ಎಳೆಯುವುದನ್ನು ನಿಲ್ಲಿಸಬಹುದು.

ಆಚಾರಿಗೆ ಇದು ಹಿಡಿಸಲಿಲ್ಲ.

“ನಮ್ಮಪ್ಪನ್ ಕಾಲ್ದಿಂದ ನೀರು ಕುಡಿಸ್ದೆ ಒಂದು ಕುಡ್ಲೂ ಈ ಕುಲುಮೆ ಬುಟ್ಟು ಓಗಿಲ್ಲ.”

“ಕುಡುಗೋಲು ಕೊಯ್ಯಬೇಕು ಆಚಾರ್ರೇ. ಇದು ಹಿಡಿದುಕೊಂಡರೆ ಸಾಕು.”

“ಇಡ್ಕಳಕ್ಕೆ ಮೆತ್ತಗಿರ್ಬೇಕಾ? ನಿಮ್ ಕಾಲೇಜ್ನಲ್ಲಿ ಅಂಗೇಳ್ಕೊಟ್ಟವ್ರಾ?”

“ಹೇಳಿಕೊಟ್ಟಿದ್ದರು. ನಿನ್ನೆ ಸಾಯಂಕಾಲದವರೆಗೂ ನೆನಪಿಗೆ ಬರಲಿಲ್ಲ.”

ಅವನು ಗೋಡೆಯಲ್ಲಿನ ತೂತನ್ನು ಒಮ್ಮೆ ನೋಡಿ ನಕ್ಕುಬಿಟ್ಟ. “ಅಂಗಾರೆ ಇಬ್ರೂ ಒಂದೇ ಇಸ್ಕೂಲು ಬುಡಿ.”

ಕಬ್ಬಿಣಕ್ಕಾಗಿ ಅಲೆದೆವು. ಯುದ್ಧ ಮುಗಿದಿದ್ದರೂ ದಪ್ಪ ಸಲಾಕೆ ಎಲ್ಲೂ ಸಿಗುತ್ತಿರಲಿಲ್ಲ. ಕೊನೆಗೆ ಡ್ರೈವರು ಕಟ್ಟೆಮಳಲವಾಡಿಯಲ್ಲಿ ಮುರಿದುಬಿದ್ದ ಗಾಡಿಯೊಂದರ ಕಬ್ಬಿಣದ ಅಚ್ಚನ್ನು ಕೇಳಿ ತಂದ. ಎಷ್ಟೋ ವರ್ಷ ಕಬ್ಬಿನ ಹೊರೆ ಹೊತ್ತು ನಡುವೆ ತುಸು ಬಾಗಿದ್ದ ಅಚ್ಚು. ಎಲ್ಲಿಯೂ ಬಿರುಕಿರಲಿಲ್ಲ. ಆಚಾರಿ ಅದನ್ನು ಬಳೆಯಾಗಿ ಸುತ್ತಿ, ಎರಡು ತುದಿಗಳನ್ನೂ ಬಿಳಿಯಾಗುವಷ್ಟು ಕಾಸಿ, ಒಂದರ ಮೇಲೊಂದಿಟ್ಟು ಬಡಿದು ಬೆಸೆದ. ದೋಣಿಯ ಕಡೆಗೆ ಅಭ್ಯಾಸಬಲದಿಂದ ತಿರುಗಿದವನು ನನ್ನ ಮುಖ ನೋಡಿ, ಬೈದುಕೊಳ್ಳುತ್ತಲೇ ಬಳೆಯನ್ನು ಬೂದಿಯ ಗುಡ್ಡೆಯಲ್ಲಿ ಹೂತಿಟ್ಟ. ಅದು ತಾನಾಗಿ ಆರುವವರೆಗೆ ಕಾದೆವು.

ಬಿರುಕು ಬಿಟ್ಟ ಅಡ್ಡಪಟ್ಟಿಯನ್ನು ನಂಬಿ ಬಳೆ ಕೂರಿಸುವ ಹಾಗಿರಲಿಲ್ಲ. ಅದರ ಹಿಂದೆ, ಒಂದು ತೊಲೆಯಿಂದ ಇನ್ನೊಂದಕ್ಕೆ ಮುಟ್ಟುವ ದಪ್ಪ ತಗಡು ಕೊಟ್ಟು, ಎರಡು ತುದಿಗಳನ್ನೂ ಮುಂದಕ್ಕೆ ಮಡಚಿ ತೊಲೆಗಳ ಹೊರಮೈಗೆ ಬೋಲ್ಟು ಹಾಕಿದೆವು. ಕೈ ಬೈರಿಗೆಯಿಂದ ತೂತು ಕೊರೆಯುವುದೇ ಎಲ್ಲಕ್ಕಿಂತ ದಣಿವಿನ ಕೆಲಸ. ತೊಲೆಯ ಮೇಲಂಚು, ಕೆಳಂಚು ಮುಟ್ಟದೆ ನಡುಮೈಯಲ್ಲೇ ಕೊರೆಯಬೇಕು, ಅಂಚಿಗೆ ತೂತು ಬಿದ್ದರೆ ತೊಲೆಯ ಶಕ್ತಿಯೇ ಹೋಗುತ್ತದೆ ಎಂದು ನಾನು ಹಟ ಹಿಡಿದೆ. ಅದರಿಂದ ಕೈ ಆಡದ ಇಕ್ಕಟ್ಟಿನಲ್ಲಿ ಕೆಲಸ ಎರಡರಷ್ಟಾಯಿತು. ಡ್ರೈವರೂ ನಾನೂ ಸರದಿಯ ಮೇಲೆ ಮಲಗಿ ಕೊರೆದೆವು, ಕಬ್ಬಿಣದ ಪುಡಿ ಕಣ್ಣಿಗೆ ಬಿತ್ತು. ಬಳೆಯನ್ನು ದಪ್ಪ ಮೊಳೆಯೊಂದರ ಮೇಲೆ ಅತ್ತಿತ್ತ ಆಡುವಂತೆ ಕೂರಿಸಿದೆವು. ಎತ್ತುಗಳು ನೇರವಾಗಿಯೇ ಎಳೆಯುತ್ತವೆ ಎಂದು ಹೇಳಲಾಗದು. ಉಳಿದಿದ್ದ ಬಲಗಡೆಯ ಬಂಪರನ್ನು ಗರಗಸದಿಂದ ಕೊಯ್ದು ತೆಗೆಸಿದೆ. ಇನ್ನು ಮುಂದೆ ಯಾರೂ ಮರೆತು ಅದಕ್ಕೆ ಹಗ್ಗ ಕಟ್ಟಬಾರದಲ್ಲ.

ಮತ್ತೆ ಹುಣಸೆ ಮರ. ಈ ಸಲ ಪ್ರತಿ ಬೋಲ್ಟಿನ ಸುತ್ತ ಸುಣ್ಣ ಬಳಿದು ಒಣಗಿಸಿದೆವು. ಎಲ್ಲಿ ಅಲುಗಿದರೂ ಸುಣ್ಣ ಬಿರಿಯುತ್ತದೆ. ಎಲ್ಲರನ್ನೂ ದೂರ ನಿಲ್ಲಿಸಿ, ಸಡಿಲ ಸರಪಣಿಯಲ್ಲಿ ಡ್ರೈವರು ಜಗ್ಗಿದ. ಮತ್ತೆ ಜಗ್ಗಿದ. ಸುಣ್ಣ ಬಿರಿಯಲಿಲ್ಲ. ದುಂಡಗಿದ್ದ ಬಳೆ ಮಾತ್ರ ಕೋಳಿಮೊಟ್ಟೆಯಂತೆ ತುಸು ಉದ್ದವಾಗಿತ್ತು.

“ನಾನ್ ಏಳ್ಲಿಲ್ವ, ಮೆತ್ತಗಾಯ್ತದೆ ಅಂತ” ಎಂದ ಆಚಾರಿ.

ಈ ಕೆಲಸದಲ್ಲಿ ಒಂದು ಸೋಮವಾರ ತಪ್ಪಿಹೋಗಿತ್ತು. ಮುಂದಿನ ಸೋಮವಾರ, ಪುನರ್ವಸು ಮಳೆಯಲ್ಲಿ, ಜೀಪಿನಲ್ಲೇ ಹಳ್ಳ ದಾಟಿ ಹೋದೆವು. ಗೌಡರು ಮತ್ತೆ ಮಜ್ಜಿಗೆ ಕೊಟ್ಟರು. ನಾನು ಅವರನ್ನು ಕರೆದುಕೊಂಡು ಹೋಗಿ ಕೊಂಡಿ ತೋರಿಸಿದೆ. ಬಂಪರು ಏಕೆ ಕಿತ್ತುಬಂತು, ಇದು ಏಕೆ ಕಿತ್ತುಬರುವುದಿಲ್ಲ ಎಂದು ತೊಲೆ, ತಗಡು ಎಲ್ಲ ವಿವರಿಸಿದೆ. ಅವರು ಬಗ್ಗಿ ಬಳೆಯನ್ನು ಮುಟ್ಟಿ ನೋಡಿದರು.

“ಬಾಳ ಬಲವಾಗದೆ ಸ್ವಾಮಿ” ಎಂದರು. ಅಷ್ಟೇ. ಗುಳಿಗೆಯ ಮಾತಿಗೆ ಹೋಗಲಿಲ್ಲ. ಅಂದೂ ಯಾರೂ ನುಂಗಲಿಲ್ಲ. ನಡುಗುತ್ತಿದ್ದ ಆ ಹೆಂಗಸಿನ ಮನೆಯಲ್ಲಿ ಈಗ ಇಬ್ಬರು ಮಲಗಿದ್ದರು. ಡಾಕ್ಟರು ಡಬ್ಬಿಯ ಮುಚ್ಚಳ ಹಾಕಿ ಜೀಪು ಹತ್ತಿದರು. ನನ್ನ ಕಡೆ ನೋಡಲಿಲ್ಲ.

ಹಳ್ಳದ ಅದೇ ಇಳಿಜಾರು ಮಳೆಗೆ ಇನ್ನಷ್ಟು ಕರಗಿತ್ತು. ಡ್ರೈವರು ಬದಿಯ ಹುಲ್ಲಿನ ಮೇಲೆ ಇಳಿಸಲು ನೋಡಿದ. ಹುಲ್ಲಿನಡಿಯ ಮಣ್ಣೇ ಜಾರಿ ಜೀಪು ಮೂತಿ ಮುಂದಾಗಿ ಕುಳಿತುಬಿಟ್ಟಿತು. ಹಳ್ಳದಲ್ಲಿ ಕೆಂಪು ನೀರು ಮುಂದಿನ ಚಕ್ರಗಳನ್ನು ಮುಟ್ಟುತ್ತಿತ್ತು.

ಊರವರು ಬಂದು ದಡದಲ್ಲಿ ನಿಂತರು. ಹೆಂಗಸರೂ ಇದ್ದರು. ಗೌಡರೂ ಬಂದರು. ಈಗ ನೋಡಿ ಕೊಂಡಿಯ ಬಲವನ್ನು ಎಂದು ಹೇಳುವ ಗಳಿಗೆ ಬಂದಿತ್ತು. ನನಗೆ ಹೇಳಲು ಮನಸ್ಸಾಗಲಿಲ್ಲ. ಕಬ್ಬಿಣಕ್ಕೆ ನನ್ನಲ್ಲಿ ಉತ್ತರವಿತ್ತು, ಸೋಮವಾರಕ್ಕೆ ಇರಲಿಲ್ಲ. ಡಾಕ್ಟರು ಬಾಯಿ ತೆರೆಯುವ ಮೊದಲೇ ನಾನು ಗೌಡರಿಗೆ ಹೇಳಿದೆ: “ಎತ್ತು ಬೇಡ ಯಜಮಾನರೇ. ನಾವು ಕೇಳೋದೂ ಇಲ್ಲ. ಔಷಧಿ ಇಳಿಸಿಕೊಂಡು ಇಲ್ಲೇ ಎಲ್ಲಾದರೂ ಇರ್ತೀವಿ. ಜೀಪು ನಾಳೆವರೆಗೆ ಉಳಿದರೆ ಉಳೀಲಿ.”

“ನೀರು ಬಿಡ್ತದಾ?” ಎಂದರು ಗೌಡರು.

“ಗೊತ್ತಿಲ್ಲ.”

ಅವರು ನೀರಿನ ಕಡೆ ನೋಡಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ತೆಗೆದು ತಲೆಗೆ ಸುತ್ತಿಕೊಂಡರು.

“ಕಪಿಲೆಬಾವಿ ಹಗ್ಗ ತನ್ರೋ, ಇಬ್ರು ಓಗಿ.” ಎತ್ತು ಹೂಡಿ ಬಾವಿಯಿಂದ ನೀರೆತ್ತುವ ದಪ್ಪ ಹಗ್ಗ ಅದು.

“ಎತ್ತು ಕಟ್ಟೀರಾ ಗೌಡ್ರೇ?” ಎಂದು ಯಾರೋ ಅಳುಕುತ್ತಾ ಕೇಳಿದರು.

“ಸೋಮವಾರ ಎತ್ತಿಗೆ ಕಣ್ಲಾ. ನಮ್ಗೆ ಎಲ್ಲದೆ ಸೋಮವಾರ?”

“ನಮ್ಗಂತೂ ಮದ್ವೆ ಆದಾಗ್ಲಿಂದ ಇಲ್ಲ” ಎಂದಳು ಗುಂಪಿನಿಂದ ಒಬ್ಬ ಹೆಂಗಸು. ಎಲ್ಲರೂ ನಕ್ಕರು. ಆ ಊರಿನಲ್ಲಿ ನಗು ಕೇಳಿ ಎಷ್ಟೋ ದಿನವಾಗಿತ್ತು.

ಹಗ್ಗ ಬಂತು, ನನ್ನ ಕೈಯಾರೆ ಬಳೆಗೆ ಕಟ್ಟಿದೆ. ಹಿಂದೆ ತಿರುಗಿದರೆ ಇಳಿಜಾರಿನುದ್ದಕ್ಕೂ ಹಗ್ಗ ಹಿಡಿದ ಜನ, ಎಲ್ಲರ ಎದೆಯೂ ಆ ಬಳೆಯ ನೇರಕ್ಕೆ. ಕುಲುಮೆಯ ಗೋಡೆಯಲ್ಲಿ ಹೂತ ಚೂರು ಕಣ್ಣಿಗೆ ಕಟ್ಟಿತು. ನಾನು ಕೈ ಎತ್ತಿ ನಿಲ್ಲಿಸಿದೆ.

“ಒಂದು ಮಾತು ಹೇಳಬೇಕು. ಮೊದಲು ಮಾಡಿಸಿದ ಕೊಂಡಿ ಮುರಿದು ಹಾರಿತ್ತು. ಸ್ವಲ್ಪದರಲ್ಲಿ ನಾವು ಉಳಿದೆವು. ಇದು ಮುರಿಯಲಾರದು ಅಂತ ನನ್ನ ನಂಬಿಕೆ. ಖಾತ್ರಿ ಹೇಳಲಾರೆ. ಬೇಡ ಅನ್ನಿಸಿದವರು ಬಿಟ್ಟುಬಿಡಿ.”

ಯಾರೂ ಹಗ್ಗ ಬಿಡಲಿಲ್ಲ. ಗೌಡರು ನನ್ನನ್ನೇ ನೋಡುತ್ತಿದ್ದರು.

“ಆವತ್ತು ಇದ್ನ ಯಾರೂ ಏಳ್ಲಿಲ್ಲ” ಎಂದರು.

“ಆವತ್ತು ನಮಗೇ ಗೊತ್ತಿರಲಿಲ್ಲ.”

“ಊಂ.” ಅವರು ಹಗ್ಗವನ್ನು ಅಂಗೈಗೆ ಒಂದು ಸುತ್ತು ಸುತ್ತಿಕೊಂಡರು. “ಇವತ್ತು ಗೊತ್ತದೆ. ಒಸಿ ಬದೀಗ್ ಸರ್ಕಂಡು ನಿಂತ್ಕಳ್ರೋ. ನೀವೂ ಬನ್ನಿ ಸ್ವಾಮಿ, ಇಡೀರಿ.”

ಹಗ್ಗದ ನಡುವಿಗೆ ಒದ್ದೆ ಗೋಣಿಚೀಲಗಳನ್ನು ಹೇರಿಸಿದೆ. ಏನಾದರೂ ಕಿತ್ತುಬಂದರೆ ಆ ಭಾರಕ್ಕೆ ಹಗ್ಗ ನೆಲಕ್ಕೆ ಬೀಳಲಿ ಎಂದು. ಆಮೇಲೆ ಎಲ್ಲರಿಗಿಂತ ಮುಂದೆ, ಬಳೆಯ ಹತ್ತಿರ ಹಗ್ಗ ಹಿಡಿದೆ. ಧೈರ್ಯದಿಂದಲ್ಲ, ಬಳೆ ಬಾಗುವುದು ಕಾಣಬೇಕಾಗಿತ್ತು. ಡಾಕ್ಟರು ನನ್ನ ಹಿಂದೆ. ಡ್ರೈವರು ಎಂಜಿನ್ ಎಬ್ಬಿಸಿದ. ಗೌಡರು ಪದದ ಒಂದೊಂದೇ ಸಾಲು ಕೂಗಿ ಹೇಳಿದರು, ಜನ ‘ಐಸಾ’ ಎಂದು ಎಳೆದರು. ಎತ್ತಿನ ಹಾಗೆ ಒಮ್ಮೆಲೇ ಅಲ್ಲ, ಅಲೆ ಅಲೆಯಾಗಿ. ಬಳೆ ತಿರುಗಿ ಹಗ್ಗದ ನೇರಕ್ಕೆ ಬಂತು. ಒಂದು ಬೋಲ್ಟಿನ ಬಳಿ ಇನ್ನೂ ಉಳಿದಿದ್ದ ಸುಣ್ಣ ಕೂದಲಿನಷ್ಟು ಬಿರಿಯಿತು. ಅದನ್ನೇ ನೋಡುತ್ತಿದ್ದೆ. ಅದು ಅಲ್ಲಿಗೇ ನಿಂತಿತು. ನನ್ನ ಕಾಲ ಕೆಳಗೆ ಕೆಸರು ಹಿಂದೆ ಹಿಂದೆ ಸರಿಯುತ್ತಿದೆಯಲ್ಲ ಎಂದುಕೊಂಡೆ. ಸರಿಯುತ್ತಿದ್ದದ್ದು ಜೀಪು.

ಗಟ್ಟಿ ನೆಲಕ್ಕೆ ಬಂದ ಮೇಲೆ ಎಲ್ಲರೂ ಇದ್ದಲ್ಲೇ ಕುಸಿದು ಕೂತರು. ಡಾಕ್ಟರ ಕನ್ನಡಕದ ತುಂಬ ಕೆಸರು. ಅವರು ಅದನ್ನು ಒರೆಸಿಕೊಳ್ಳದೆ ಎದ್ದು, ಹಳ್ಳದ ನೀರಿನಲ್ಲಿ ಕೈ ತೊಳೆದು, ಗುಳಿಗೆಯ ಡಬ್ಬಿ ತಂದು ಗೌಡರ ಎದುರು ನಿಂತರು.

ಗೌಡರು ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ಎರಡೂ ಕೆಸರು, ಒಂದರಲ್ಲಿ ಹಗ್ಗ ಉಜ್ಜಿದ ರಕ್ತ. ಆಮೇಲೆ ಕೂತಲ್ಲಿಂದಲೇ ಮುಖ ಮೇಲೆತ್ತಿ ಬಾಯಿ ತೆರೆದರು.

ಡಾಕ್ಟರು ಗುಳಿಗೆಯನ್ನು ಅವರ ನಾಲಿಗೆಯ ಮೇಲಿಟ್ಟರು. ಗೌಡರು ನುಂಗಿ, ಮುಖ ಕಿವುಚಿ, “ಥೂ” ಎಂದರು. ಪಕ್ಕದಲ್ಲಿ ಕೂತಿದ್ದವನು ಬಾಯಿ ತೆರೆದ. ಅವನ ಪಕ್ಕದವಳೂ ತೆರೆದಳು. ಡಾಕ್ಟರು ಹಗ್ಗದ ಉದ್ದಕ್ಕೂ ಬಗ್ಗಿ ಬಗ್ಗಿ ಹೋಗುತ್ತಿದ್ದರು. ನಾನು ನೀರಿನ ತಂಬಿಗೆ ಹಿಡಿದು ಅವರ ಹಿಂದೆ ನಡೆದೆ.